ಮಗು ಓದಲಿ, ತನ್ನ ಮಾತು ಬರೆಯಲಿ



ನಾವು ಅಕ್ಷರ ಕಲಿತೆವು. ನಮ್ಮ ಹೆಸರು ಬರೆಯುತ್ತೇವೆ. ಬಸ್ಸಿನ ಬೋರ್ಡು ಓದುತ್ತೇವೆ. ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವ ಬದಲು ರುಜು ಹಾಕುತ್ತೇವೆ.

ಈಗ ಇನ್ನೊಂದು ಕೆಲಸ ಇದೆ. ನಮ್ಮ ಮನೆಗಳಲ್ಲಿ ನಾಲ್ಕು, ಐದು, ಆರು, ಏಳನೇ ತರಗತಿಗೆ ಹೋಗುವ ಮಕ್ಕಳಿದ್ದಾರೆ. ಅವರ ಓದಿಗೆ ನಾವು ಹೇಗೆ ಜೊತೆಯಾಗಬಹುದು? ಈ ಪಾಠದಲ್ಲಿ ಅದನ್ನು ನೋಡೋಣ.

"ನಮಗೇ ಈಗ ತಾನೇ ಓದೋದಕ್ಕೆ ಬಂದಿದೆ. ಮಗುವಿಗೆ ಏನು ಹೇಳಿಕೊಡೋದು?" ಅಂತ ಕೆಲವರು ಕೇಳುತ್ತಾರೆ. ಹೇಳಿಕೊಡುವುದು ಮೇಷ್ಟ್ರ ಕೆಲಸ. ಮಗು ಓದಿದ್ದನ್ನು ಕೇಳಿಸಿಕೊಳ್ಳುವುದು, "ಯಾಕೆ?" ಅಂತ ಕೇಳುವುದು ನಮ್ಮ ಕೆಲಸ. ಅದಕ್ಕೆ ದೊಡ್ಡ ಓದು ಬೇಕಿಲ್ಲ.

ನಾಲ್ಕನೇ ತರಗತಿಯಿಂದ ಏನು ಬದಲಾಗುತ್ತದೆ?

ನಮ್ಮ ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿಯವರೆಗೆ ನಲಿ-ಕಲಿ ಇದೆ. ಮಕ್ಕಳು ಕಾರ್ಡು ಹಿಡಿದು, ಹಾಡಿ, ಆಡಿ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದರೆ ಪಾಠಗಳು ಉದ್ದವಾಗುತ್ತವೆ. ಪಾಠದ ಕೊನೆಯ ಪ್ರಶ್ನೆಗಳೂ ಬದಲಾಗುತ್ತವೆ.

"ರಾಜನ ಹೆಸರೇನು?" ಅಂದರೆ ಉತ್ತರ ಪಾಠದಲ್ಲೇ ಸಿಗುತ್ತದೆ. "ರಾಜ ಮಾಡಿದ್ದು ಸರಿಯೇ? ನಿನ್ನ ಅಭಿಪ್ರಾಯ ಬರೆ" ಅಂದರೆ ಉತ್ತರ ಪಾಠದಲ್ಲಿ ಇರುವುದಿಲ್ಲ. ಅದು ಮಗುವಿನ ತಲೆಯಿಂದಲೇ ಬರಬೇಕು. ಆಗ ಮಗು ಏನು ಮಾಡುತ್ತದೆ? ಗೈಡು ತೆರೆಯುತ್ತದೆ. ಇಲ್ಲವೇ ಪಕ್ಕದವರ ನೋಟ್ಸು ನೋಡಿ ಬರೆಯುತ್ತದೆ. ಮೂವತ್ತು ಮಕ್ಕಳ ಪುಸ್ತಕದಲ್ಲೂ ಒಂದೇ ಅಭಿಪ್ರಾಯ! ಅದು ಯಾರ ಅಭಿಪ್ರಾಯ? ಗೈಡಿನದು.

ತನ್ನ ಮಾತನ್ನು ತಾನೇ ಬರೆಯುವ ಅಭ್ಯಾಸ ಮನೆಯಲ್ಲೇ ಶುರುವಾಗಬೇಕು.

ಮನೆಮಾತು ಬೇರೆಯಾದರೆ?

ನಮ್ಮ ಕಡೆ ಹಲವರ ಮನೆಯಲ್ಲಿ ತೆಲುಗು ಮಾತು. ಕೆಲವರ ಮನೆಯಲ್ಲಿ ತಮಿಳು, ಉರ್ದು. ಮಗು ಶಾಲೆಯಲ್ಲಿ ಮಾತ್ರ ಕನ್ನಡ ಓದುತ್ತದೆ. "ಮನೇಲಿ ಕನ್ನಡ ಇಲ್ಲ, ಇವನಿಗೆ ಬರೆಯೋದಕ್ಕೆ ಬರುತ್ತಾ?" ಅಂತ ಹೆದರಬೇಡಿ.

ನಮ್ಮ ಮಾಸ್ತಿಯ ಹೆಸರನ್ನೇ ತೆಗೆದುಕೊಳ್ಳಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ 1891ರಲ್ಲಿ ನಮ್ಮ ಕೋಲಾರ ಸೀಮೆಯಲ್ಲೇ ಹುಟ್ಟಿದರು. ಅವರ ಮನೆಮಾತು ತಮಿಳು. ಬರೆದದ್ದು ಕನ್ನಡ. "ಶ್ರೀನಿವಾಸ" ಅನ್ನುವ ಹೆಸರಿನಲ್ಲಿ ಕಥೆಗಳನ್ನು ಬರೆದರು. "ಚಿಕವೀರ ರಾಜೇಂದ್ರ" ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂತು. 1986ರಲ್ಲಿ ತೀರಿಕೊಂಡರು. ಇಂದಿಗೂ ನಮ್ಮ ಊರಿನ ಹೆಸರು ಹೇಳಿದರೆ ಜನ ಅವರನ್ನೇ ನೆನೆಯುತ್ತಾರೆ.

ಆದ್ದರಿಂದ ಮಗು ಕನ್ನಡದಲ್ಲಿ ಓದಲಿ. ಓದಿದ್ದನ್ನು ಮನೆಮಾತಿನಲ್ಲಿ ಹೇಳಲಿ. ಅರ್ಥ ಆಗಿದೆಯೋ ಇಲ್ಲವೋ ನಮಗೆ ಗೊತ್ತಾಗುತ್ತದೆ. ಆಮೇಲೆ ಅದನ್ನೇ ಕನ್ನಡದಲ್ಲಿ ಬರೆಯಲಿ.

ದಿನಕ್ಕೆ ಇಪ್ಪತ್ತು ನಿಮಿಷ

ದಿನವೂ ಒಂದು ಹೊತ್ತು ಗೊತ್ತು ಮಾಡಿಕೊಳ್ಳೋಣ. ಸಂಜೆ ಹಾಲು ಡೈರಿಗೆ ಹಾಕಿ ಬಂದ ಮೇಲೆ ಆಗಬಹುದು. ಮುದ್ದೆಗೆ ಎಸರು ಇಟ್ಟಾಗಲೂ ಆಗಬಹುದು. ಇಪ್ಪತ್ತು ನಿಮಿಷ ಸಾಕು. ಆ ಹೊತ್ತಿನಲ್ಲಿ ಟಿ.ವಿ., ಮೊಬೈಲು ಬಂದ್.

1. ಮಗು ಜೋರಾಗಿ ಓದಲಿ. ನಾವು ಸೊಪ್ಪು ಬಿಡಿಸುತ್ತಾ ಕೇಳಬಹುದು.

2. ಒಂದು ಸಾಲು ಮಗು ಓದಲಿ, ಒಂದು ಸಾಲು ನಾವು ಓದೋಣ. ನಾವು ನಿಧಾನವಾಗಿ ಓದಿದರೆ ನಾಚಿಕೆ ಬೇಡ. ಅಮ್ಮನೂ ಕಲಿಯುತ್ತಾಳೆ ಅಂತ ಮಗು ನೋಡಲಿ.

3. ಒತ್ತಕ್ಷರ ಬಂದ ಕಡೆ ಮಗು ತಡವರಿಸುತ್ತದೆ. ತಕ್ಷಣ ಹೇಳಿಕೊಡಬೇಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಬರದಿದ್ದರೆ ಇಬ್ಬರೂ ಕೂಡಿಸಿ ಓದಿ.

4. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ. "ಏನಾಯ್ತು ಹೇಳು" ಅನ್ನಿ.

5. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿ. "ನಿನಗೇನನ್ನಿಸ್ತು? ಯಾಕೆ?"

ಓದಲು ಏನಿದೆ ಅನ್ನುತ್ತೀರಾ? ಪಠ್ಯಪುಸ್ತಕ ಇದೆ. ಹಳೆಯ ಪೇಪರು, ಬೀಜದ ಪೊಟ್ಟಣ, ಔಷಧಿ ಚೀಟಿಯ ಮೇಲಿನ ಕನ್ನಡ, ನ್ಯಾಯಬೆಲೆ ಅಂಗಡಿಯ ಬೋರ್ಡು ಎಲ್ಲವೂ ಓದೇ. ಗ್ರಾಮ ಪಂಚಾಯಿತಿಯ ಗ್ರಂಥಾಲಯವೂ ಇದೆ. 2020ರ ನವೆಂಬರ್ 14ರಂದು "ಓದುವ ಬೆಳಕು" ಅನ್ನುವ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ದುಡ್ಡಿಲ್ಲದೆ ಸದಸ್ಯತ್ವ ಕೊಡುವ ಕಾರ್ಯಕ್ರಮ ಅದು. ಈಗ ಈ ಗ್ರಂಥಾಲಯಗಳಿಗೆ "ಅರಿವು ಕೇಂದ್ರ" ಅನ್ನುತ್ತಾರೆ. ಮಗುವನ್ನು ಒಂದು ಸಲ ನಾವೇ ಕೈ ಹಿಡಿದು ಕರೆದುಕೊಂಡು ಹೋಗೋಣ.

ಸಂಗತಿ ಬೇರೆ, ಅಭಿಪ್ರಾಯ ಬೇರೆ

ಬರೆಯುವ ಮೊದಲು ಒಂದು ವಿಷಯ ತಿಳಿಯಬೇಕು. ಸಂಗತಿ ಅಂದರೆ ನಡೆದದ್ದು, ಇರುವುದು. ಅದನ್ನು ಪರೀಕ್ಷೆ ಮಾಡಿ ನೋಡಬಹುದು. ಅಭಿಪ್ರಾಯ ಅಂದರೆ ಅದರ ಬಗ್ಗೆ ನಮಗೆ ಅನ್ನಿಸುವುದು.

ನಮ್ಮ ಜಿಲ್ಲೆಯ ಕೆರೆಗಳನ್ನೇ ನೋಡಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಹರಿಯಿತು. ಇದು ಸಂಗತಿ. "ಕೆರೆ ತುಂಬಿದರೆ ಬೋರ್‌ವೆಲ್‌ಗೆ ನೀರು ಬರುತ್ತೆ, ಇದು ಒಳ್ಳೆಯದು" ಅಂತ ಕೆಲವರು ಅನ್ನುತ್ತಾರೆ. "ಎರಡು ಹಂತ ಸಾಲದು, ಮೂರನೇ ಹಂತವೂ ಶುದ್ಧ ಮಾಡಲೇಬೇಕು" ಅಂತ ಕೆಲವರು ಅನ್ನುತ್ತಾರೆ. ಇವು ಅಭಿಪ್ರಾಯಗಳು.

ಇಬ್ಬರೂ ಕಾರಣ ಹೇಳುತ್ತಾರೆ. ಕಾರಣ ಇಲ್ಲದ ಅಭಿಪ್ರಾಯ ಬೇರಿಲ್ಲದ ಗಿಡ ಇದ್ದಂತೆ. ಗಾಳಿ ಬಂದರೆ ಬೀಳುತ್ತದೆ.

ಐದು ಬೆರಳಿನ ಪಾಠ

ಅಭಿಪ್ರಾಯ ಬರೆಯುವುದಕ್ಕೆ ಕೈಯಲ್ಲೇ ಲೆಕ್ಕ ಇದೆ. ಮಗುವಿನ ಕೈ ಹಿಡಿದು ಒಂದೊಂದು ಬೆರಳಿಗೂ ಒಂದೊಂದು ಮಾತು ಹೇಳಿಸಿ.

ಹೆಬ್ಬೆರಳು: "ನನಗೆ ಅನ್ನಿಸುವುದು..."
ತೋರು ಬೆರಳು: "ಯಾಕೆಂದರೆ..."
ನಡು ಬೆರಳು: "ಉದಾಹರಣೆಗೆ..."
ಉಂಗುರ ಬೆರಳು: "ಬೇರೆಯವರು ಹೇಳಬಹುದು... ಆದರೆ..."
ಕಿರು ಬೆರಳು: "ಆದ್ದರಿಂದ..."

ನಾಲ್ಕನೇ ತರಗತಿ ಮಗುವಿಗೆ ಮೊದಲ ಎರಡು ಬೆರಳು ಸಾಕು. ಐದನೇ ತರಗತಿಗೆ ಮೂರು. ಆರು, ಏಳಕ್ಕೆ ಐದೂ ಬೆರಳು ಬರಲಿ. ಮೊದಲು ಬಾಯಲ್ಲಿ ಹೇಳಲಿ. ಆಮೇಲೆ ಬರೆಯಲಿ. ಬಾಯಲ್ಲಿ ಹೇಳಲು ಬಂದದ್ದು ಕೈಗೂ ಬರುತ್ತದೆ.

ಒಂದು ಉದಾಹರಣೆ

ಒಬ್ಬ ಹುಡುಗಿ ಏಳನೇ ತರಗತಿಯಲ್ಲಿ ಇದ್ದಾಳೆ ಅಂತ ಇಟ್ಟುಕೊಳ್ಳೋಣ. ಅವಳ ಊರಿನ ಶಾಲೆಯಲ್ಲಿ ಏಳರವರೆಗೆ ಮಾತ್ರ ಇದೆ. ಎಂಟನೇ ತರಗತಿಗೆ ಪಕ್ಕದ ಊರಿಗೆ ಹೋಗಬೇಕು. ಮನೆಯಲ್ಲಿ "ಸಾಕು ಬಿಡು" ಅನ್ನುವ ಮಾತು ಎದ್ದಿದೆ. ಅವಳು ಐದು ಬೆರಳು ಎಣಿಸಿ ಹೀಗೆ ಬರೆದಳು:

"ನನಗೆ ಅನ್ನಿಸುವುದು, ನಾನು ಎಂಟನೇ ತರಗತಿಗೆ ಹೋಗಬೇಕು. ಯಾಕೆಂದರೆ ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಇನ್ನೂ ಕಲಿಯುವ ಆಸೆ ಇದೆ. ಉದಾಹರಣೆಗೆ ಟೊಮೆಟೊ ಮಂಡಿಯ ಚೀಟಿಯಲ್ಲಿ ಕಮಿಷನ್ ಎಷ್ಟು ಹಿಡಿದಿದ್ದಾರೆ ಅಂತ ನಾನೇ ಲೆಕ್ಕ ಹಾಕಿ ಅಪ್ಪನಿಗೆ ಹೇಳಿದೆ. ದಾರಿ ದೂರ, ಸಂಜೆ ಕತ್ತಲಾಗುತ್ತದೆ ಅಂತ ಅಪ್ಪ ಹೇಳುತ್ತಾರೆ. ಅದು ನಿಜ. ಆದರೆ ನಾವು ನಾಲ್ಕು ಜನ ಹುಡುಗಿಯರು ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತೇವೆ. ಆದ್ದರಿಂದ ನನ್ನನ್ನು ಶಾಲೆ ಬಿಡಿಸಬೇಡಿ."

ನೋಡಿ, ಇದರಲ್ಲಿ ಅಳು ಇಲ್ಲ, ಜಗಳ ಇಲ್ಲ. ಅಪ್ಪನ ಮಾತನ್ನು ಅವಳು ತಳ್ಳಿ ಹಾಕಿಲ್ಲ. "ಅದು ನಿಜ" ಅಂತ ಒಪ್ಪಿದ್ದಾಳೆ. ಒಪ್ಪಿ, ಅದಕ್ಕೆ ದಾರಿ ತೋರಿಸಿದ್ದಾಳೆ. ಇಂಥ ಕಾಗದ ಕೈಗೆ ಬಂದಾಗ ಯಾವ ತಂದೆಯಾದರೂ ಒಂದು ಗಳಿಗೆ ಯೋಚನೆ ಮಾಡುತ್ತಾನೆ.

ಕಾನೂನೂ ಅವಳ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಎಂಟನೇ ತರಗತಿಯವರೆಗೆ ಉಚಿತ ಶಿಕ್ಷಣ ಸಿಗಲೇಬೇಕು.

"ಇದು ಎದುರು ಮಾತಲ್ಲವೇ?"

ಕೆಲವು ಮನೆಗಳಲ್ಲಿ ಹಿರಿಯರು ಹೀಗನ್ನುತ್ತಾರೆ. "ಮಕ್ಕಳಿಗೆ ಅಭಿಪ್ರಾಯ ಗಿಭಿಪ್ರಾಯ ಕಲಿಸಿದ್ರೆ ತಲೆ ಮೇಲೆ ಕೂತ್ಕೋತಾರೆ."

ಎದುರು ಮಾತು ಬೇರೆ. "ನಾನು ಮಾಡಲ್ಲ ಹೋಗು" ಅನ್ನುವುದು ಎದುರು ಮಾತು. ಅದರಲ್ಲಿ ಕಾರಣ ಇಲ್ಲ. "ನನಗೆ ಹೀಗೆ ಅನ್ನಿಸುತ್ತೆ, ಯಾಕೆಂದರೆ" ಅನ್ನುವುದು ಅಭಿಪ್ರಾಯ. ಕಾರಣ ಹೇಳಲು ಕಲಿತ ಮಗು ಬೇರೆಯವರ ಕಾರಣವನ್ನೂ ಕೇಳುತ್ತದೆ. ಉಂಗುರ ಬೆರಳಿನ ಪಾಠವೇ ಅದು.

ಮಗು ಬರೆದದ್ದು ನಮಗೆ ಒಪ್ಪಿಗೆ ಆಗದೆ ಇರಬಹುದು. ಆಗ ಹೊಡೆದು ಹಾಕಬೇಡಿ. "ನನಗೆ ಹಾಗನ್ನಿಸಲ್ಲ ಕಣಪ್ಪ, ಯಾಕೆ ಅಂದ್ರೆ" ಅಂತ ನಾವೂ ಕಾರಣ ಹೇಳೋಣ. ಕಾಗುಣಿತದ ತಪ್ಪು ಇದ್ದರೆ ಒಂದು ದಿನಕ್ಕೆ ಎರಡು ತಪ್ಪು ಮಾತ್ರ ತಿದ್ದೋಣ. ಪುಟದ ತುಂಬ ಕೆಂಪು ಗೀಟು ಕಂಡರೆ ಮಗು ಮಾರನೆಯ ದಿನ ಬರೆಯುವುದಿಲ್ಲ.

ಬರೆದ ಮಾತು ಎಲ್ಲಿಗೆ ಹೋಗುತ್ತದೆ?

ಮಕ್ಕಳ ಮಾತು ಮನೆಯಲ್ಲೇ ಉಳಿಯಬೇಕಿಲ್ಲ. 1989ರಲ್ಲಿ ವಿಶ್ವಸಂಸ್ಥೆಯಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆ ಆಯಿತು. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಮಕ್ಕಳ ಅಭಿಪ್ರಾಯ ಕೇಳಬೇಕು ಅಂತ ಅದರಲ್ಲಿದೆ. 1992ರಲ್ಲಿ ಭಾರತ ಅದನ್ನು ಒಪ್ಪಿತು. 2006ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಿಗೆ ಮಕ್ಕಳ ಗ್ರಾಮ ಸಭೆ ನಡೆಸಲು ಹೇಳಿತು.

ಆ ಸಭೆಯಲ್ಲಿ ಮಕ್ಕಳು ಎದ್ದು ಮಾತಾಡಬಹುದು. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ದಾರಿಯಲ್ಲಿ ದೀಪವಿಲ್ಲ, ಆಟಕ್ಕೆ ಜಾಗವಿಲ್ಲ ಅಂತ ಹೇಳಬಹುದು. ಬಾಯಲ್ಲಿ ಹೇಳಿದ್ದು ಮರೆತು ಹೋಗಬಹುದು. ಕಾಗದದಲ್ಲಿ ಬರೆದುಕೊಟ್ಟದ್ದನ್ನು ಮುಂದಿನ ಸಭೆಯಲ್ಲಿ "ಏನಾಯ್ತು?" ಅಂತ ಕೇಳಬಹುದು. ನಿಮ್ಮ ಪಂಚಾಯಿತಿಯಲ್ಲಿ ಈ ಸಭೆ ಯಾವಾಗ ಅಂತ ವಿಚಾರಿಸಿ. ಮಗುವಿನ ಕೈಗೆ ಅದರ ಕಾಗದ ಕೊಟ್ಟು ಕಳಿಸಿ.

ನಾವೂ ಬರೆಯೋಣ

1991ರ ಜನಗಣತಿಯಲ್ಲಿ ಕರ್ನಾಟಕದ 100 ಹೆಂಗಸರಲ್ಲಿ ಸುಮಾರು 44 ಜನಕ್ಕೆ ಮಾತ್ರ ಓದು ಬರಹ ಬರುತ್ತಿತ್ತು. 2011ರಲ್ಲಿ ಅದು 68 ಆಯಿತು. ಇದು ಹೆಚ್ಚಿತು, ನಿಜ. ಆದರೆ ಓದು ಬಂದ ಎಷ್ಟು ಜನ ನಮ್ಮ ಅಭಿಪ್ರಾಯವನ್ನು ಬರೆದಿದ್ದೇವೆ? ಎಷ್ಟೋ ಕಾಗದಗಳಿಗೆ ನಾವು ಹೆಬ್ಬೆಟ್ಟು ಒತ್ತಿದೆವು. ಅದರಲ್ಲಿ ಏನಿದೆ ಅಂತ ಯಾರೂ ಓದಿ ಹೇಳಲಿಲ್ಲ. ನಿಮಗೇನನ್ನಿಸುತ್ತೆ ಅಂತ ಯಾರೂ ಕೇಳಲಿಲ್ಲ.

ಒತ್ತಿಸಿಕೊಂಡ ಅದೇ ಹೆಬ್ಬೆರಳಿನಿಂದ ನಮ್ಮ ಮಕ್ಕಳ ಪಾಠ ಶುರುವಾಗುತ್ತದೆ: "ನನಗೆ ಅನ್ನಿಸುವುದು..."

ಮಗು ಒಂದು ಪುಟದಲ್ಲಿ ಬರೆಯಲಿ. ಎದುರು ಪುಟದಲ್ಲಿ ಅದೇ ವಿಷಯದ ಮೇಲೆ ನಾವು ಮೂರು ಸಾಲು ಬರೆಯೋಣ. ವರ್ಷ ಕಳೆದ ಮೇಲೆ ಆ ಪುಸ್ತಕ ತೆಗೆದು ಓದೋಣ. ಇಬ್ಬರೂ ಎಷ್ಟು ಬೆಳೆದಿದ್ದೇವೆ ಅಂತ ಗೊತ್ತಾಗುತ್ತದೆ.

ಅಭ್ಯಾಸ

ಅ. ಇವುಗಳಲ್ಲಿ ಸಂಗತಿ ಯಾವುದು, ಅಭಿಪ್ರಾಯ ಯಾವುದು ಹೇಳಿ.
1. ಮಾಲೂರು ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿದೆ.
2. ಹೊಲದ ಬದುವಿನಲ್ಲಿ ನೀಲಗಿರಿ ನೆಡಬಾರದು.
3. ರಾಗಿ ಮುದ್ದೆ ಅನ್ನಕ್ಕಿಂತ ರುಚಿ.
4. ಮಾಸ್ತಿಯವರು 1891ರಲ್ಲಿ ಹುಟ್ಟಿದರು.

ಆ. ಬಿಟ್ಟ ಜಾಗ ತುಂಬಿ.
1. ನನ್ನ ಮಗಳು ಓದಬೇಕು, ಯಾಕೆಂದರೆ ................
2. ನಮ್ಮ ಬೀದಿಗೆ ................ ಬೇಕು, ಯಾಕೆಂದರೆ ................

ಇ. ಮನೆಯಲ್ಲಿ ಮಗುವಿನ ಜೊತೆ ಮಾತಾಡಿ, ಇಬ್ಬರೂ ಬರೆಯಿರಿ. ವಾರಕ್ಕೆ ಒಂದು ವಿಷಯ ಸಾಕು.
1. ಶಾಲೆಯಲ್ಲಿ ಮೊಟ್ಟೆ ಬೇಕೋ, ಬಾಳೆಹಣ್ಣು ಬೇಕೋ?
2. ಮಕ್ಕಳ ಕೈಗೆ ಮೊಬೈಲು ಎಷ್ಟು ಹೊತ್ತು ಕೊಡಬೇಕು?
3. ಮನೆ ಕೆಲಸವನ್ನು ಗಂಡು ಮಕ್ಕಳೂ ಮಾಡಬೇಕೇ?
4. ನಮ್ಮ ಊರ ಕೆರೆಗೆ ಏನು ಮಾಡಬೇಕು?

ಈ. ನೀವು ಬರೆದದ್ದನ್ನು ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಓದಿ ಕೇಳೋಣ. ಯಾರ ಅಭಿಪ್ರಾಯ ಬೇರೆಯೋ ಅವರು ಕಾರಣ ಹೇಳಲಿ.