ಒಂದೇ ಟಿಕೆಟ್, ಬೇರೆ ಬೇರೆ ಉತ್ತರ

ಪ್ರಶ್ನೆ: ಕೆಲಸದ ಮೇಲೆ ವರ್ಷವಿಡೀ ವಿಮಾನದಲ್ಲಿ ಓಡಾಡುವವನು ನಾನು. ಒಂದೇ ಕಂಪನಿಯನ್ನು ನೆಚ್ಚಿಕೊಂಡು ಗೋಲ್ಡ್ ಸದಸ್ಯನಾಗಿದ್ದೇನೆ. ಈಚೆಗೆ ಬೆಂಗಳೂರು–ದಿಲ್ಲಿ–ಫ್ರಾಂಕ್‌ಫರ್ಟ್ ಟಿಕೆಟ್‌ನಲ್ಲಿ ದಿಲ್ಲಿ ವಿಮಾನದ ವೇಳೆಯನ್ನು ಕಂಪನಿಯೇ ಮುಂದೂಡಿತು. ಮುಂದಿನ ವಿಮಾನ ತಪ್ಪುವುದು ಖಚಿತವಿತ್ತು. ಫೋನ್ ಮಾಡಿದರೆ ಒಬ್ಬರು ‘ಉಚಿತವಾಗಿ ಬದಲಿಸಿಕೊಡುತ್ತೇವೆ’ ಎಂದರು, ಅಷ್ಟರಲ್ಲಿ ಲೈನ್ ಕಟ್ಟಾಯಿತು. ಇನ್ನೊಬ್ಬರು ‘ಪಾರ್ಟ್ನರ್ ಕಂಪನಿಯನ್ನು ಕೇಳಿ’ ಎಂದರು. ಮತ್ತೊಬ್ಬಾಕೆ 11,000 ರೂಪಾಯಿ ಕಟ್ಟಿಸಿಕೊಂಡರು. ಆಕೆಯ ಮೇಲೆ ಕೂಗಾಡಿಬಿಟ್ಟೆ, ಅದೂ ಚುಚ್ಚುತ್ತಿದೆ. ಇಷ್ಟು ವರ್ಷದ ನಂಬಿಕೆಗೆ ಬೆಲೆಯೇ ಇಲ್ಲವೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ವೇಳೆ ಬದಲಿಸಿದವರು ಅವರು, ಹಣ ತೆತ್ತವರು ನೀವು. ಅದನ್ನು ವಾಪಸು ಕೇಳುವ ದಾರಿಯಿದೆ. ಅದಕ್ಕೆ ಮುಂಚೆ ಉತ್ತರಗಳು ಯಾಕೆ ಹೀಗೆ ಬದಲಾಗುತ್ತವೆ ಎಂಬುದು ತಿಳಿದಿರಲಿ.

ಪ್ರಯಾಣಿಕರು ತಾವಾಗಿ ಕೇಳುವ ಬದಲಾವಣೆಗೆ ಒಂದು ನಿಯಮ, ಕಂಪನಿಯಿಂದಾದ ಬದಲಾವಣೆಗೆ ಇನ್ನೊಂದು. ‘ವಿಮಾನ ಬದಲಿಸಬೇಕು’ ಎಂದಷ್ಟೇ ಹೇಳಿದರೆ ಸಿಬ್ಬಂದಿ ಮೊದಲನೆಯದನ್ನು ತೆರೆಯುತ್ತಾರೆ, ಪರದೆಯ ಮೇಲೆ ದರದ ವ್ಯತ್ಯಾಸ ಬಂದು ನಿಲ್ಲುತ್ತದೆ. ಇನ್ನು ಮುಂದೆ ‘ನೀವು ವೇಳೆ ಬದಲಿಸಿದ್ದರಿಂದ ನನ್ನ ಕನೆಕ್ಷನ್ ತಪ್ಪುತ್ತಿದೆ’ ಎಂದೇ ಮಾತು ಶುರು ಮಾಡಿ.

‘ಪಾರ್ಟ್ನರ್ ಕಂಪನಿಯನ್ನು ಕೇಳಿ’ ಎಂಬ ಮಾತನ್ನೂ ನೀವೇ ಪರೀಕ್ಷಿಸಬಹುದು. ಇ-ಟಿಕೆಟ್‌ನಲ್ಲಿ ಆರು ಅಕ್ಷರದ ಪಿಎನ್‌ಆರ್ ಅಲ್ಲದೆ 13 ಅಂಕಿಯ ಟಿಕೆಟ್ ಸಂಖ್ಯೆಯೂ ಇರುತ್ತದೆ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯದು: 098 ಏರ್ ಇಂಡಿಯಾ, 220 ಲುಫ್ತಾನ್ಸಾ. ಹಾರಿಸುವವರು ಯಾರೇ ಇರಲಿ, ಟಿಕೆಟ್ ತಿದ್ದುವುದು ಸಾಮಾನ್ಯವಾಗಿ ಅದನ್ನು ಕೊಟ್ಟವರ ಕೆಲಸ. ಒಪ್ಪಿದ ಮಾತನ್ನು ಪಿಎನ್‌ಆರ್‌ನ ಟಿಪ್ಪಣಿಯಲ್ಲಿ ಬರೆಸಿ, ಅಲ್ಲೇ ಓದಿ ಹೇಳಲು ಕೇಳಿ. ಲೈನ್ ಕಟ್ಟಾದರೂ ಮುಂದಿನವರಿಗೆ ಅದು ಕಾಣುತ್ತದೆ.

ಈಗ ಹಣದ ವಿಷಯ. ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಲ್ ಅಧಿಕಾರಿಯ ವಿಳಾಸವಿರುತ್ತದೆ. ವೇಳೆ ಬದಲಾದ ಸಂದೇಶ, ಹಣ ಕಟ್ಟಿದ ರಸೀದಿ, ಫೋನ್ ಮಾಡಿದ ದಿನ ಮತ್ತು ಸಮಯ ಸೇರಿಸಿ ಇಮೇಲ್ ಮಾಡಿ. ಕರೆಯ ರೆಕಾರ್ಡಿಂಗ್ ಅಳಿಸದೆ ಇಡಲು ಅದರಲ್ಲೇ ಕೇಳಿ. ಸರಿಯಾದ ಉತ್ತರ ಬಾರದಿದ್ದರೆ ಮೇಲ್ಮನವಿ ಅಧಿಕಾರಿ, ವಿಮಾನಯಾನ ಸಚಿವಾಲಯದ ಏರ್‌ಸೇವಾ, ಗ್ರಾಹಕ ಸಹಾಯವಾಣಿ 1915 ಇವೆ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಂತೆ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿಯಿರುವ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಫೋನೆತ್ತಿದಾಕೆ ನಿಯಮ ಮಾಡಿದವಳಲ್ಲ. ಹಿಂದೆ ಯಾರು ಏನು ಹೇಳಿದರೆಂಬುದೂ ಬರೆದಿಡದಿದ್ದರೆ ಆಕೆಗೆ ಗೊತ್ತಾಗದು. ದೂರಿನಲ್ಲಿ ಆಕೆಯ ಹೆಸರು ಎತ್ತಬೇಡಿ, ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಡಲಾಗದ ವ್ಯವಸ್ಥೆಯನ್ನು ಪ್ರಶ್ನಿಸಿ. ಮನಸ್ಸಿನ ಭಾರವೂ ಅದರಿಂದ ಇಳಿಯುತ್ತದೆ.

ಗೋಲ್ಡ್ ಕಾರ್ಡ್ ಇದ್ದರೆ ಸಾಲು ಚಿಕ್ಕದಾಗುತ್ತದೆ, ಲಗೇಜು ಹೆಚ್ಚು ಸಿಗುತ್ತದೆ. ನ್ಯಾಯವಾದ ಉತ್ತರ ಮಾತ್ರ ಕಾರ್ಡ್ ಇಲ್ಲದವರಿಗೂ ಸಿಗಬೇಕಾದದ್ದು. ನಿಮ್ಮ ನಂಬಿಕೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಆ ಇಮೇಲ್‌ಗೆ ಬರುವ ಉತ್ತರವೇ ಹೇಳುತ್ತದೆ. ಹಣ ಬಾರದಿದ್ದರೆ ಇರುವ ಪಾಯಿಂಟ್‌ಗಳನ್ನು ಬಳಸಿ ಮುಗಿಸಿ, ಮುಂದಿನ ಟಿಕೆಟ್ ಬೇರೆ ಕಂಪನಿಯಲ್ಲಿ ತೆಗೆಯಿರಿ.