ಕೆಂಪು ಚುಕ್ಕಿಯ ಖಾನೆ

ದೊಡ್ಡಪ್ಪನ ಮಗ ಆವತ್ತು ಹುನಗುಂದ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೇ ಇಳಕಲ್ಲಿಗೆ ಬಂದಿಳಿದ. ಕೈಯಲ್ಲಿ ಕರಿ ಟ್ರಂಕು. ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಹೆಸರು. ಬಸ್ ನಿಲ್ದಾಣದ ಹತ್ತಿರದ ನನ್ನ ಅಂಗಡಿಯಲ್ಲಿ ಪಹಣಿಯಿಂದ ಹಿಡಿದು ನೌಕರಿ ಅರ್ಜಿಯವರೆಗೆ ಎಲ್ಲ ಆಗುತ್ತದೆ. ಆದರೆ ಟ್ರಂಕು ಹೊತ್ತು ಬಂದ ಗಿರಾಕಿ ಅವನೇ ಮೊದಲು.

"ತಮ್ಮಾ, ಹದಿನೇಳು ವರ್ಷದ ಕಾಗದ ಎಲ್ಲಾ ಇದರಾಗ ಅದಾವ. ಸರಕಾರಿ ದವಾಖಾನಿ ನರ್ಸ್ ಪೋಸ್ಟಿಗೆ ಹಾಕಿಬಿಡು" ಅಂದ.

ಅಣ್ಣ ಪಿಯುಸಿ ಸೈನ್ಸ್ ಮುಗಿಸಿ 19ನೇ ವಯಸ್ಸಿಗೆ ಸೇನಾ ವೈದ್ಯಕೀಯ ದಳ ಸೇರಿದವನು. ಲಖನೌದಲ್ಲಿರುವ ದಳದ ಕೇಂದ್ರದಲ್ಲಿ ತರಬೇತಿ, ಆಮೇಲೆ ನರ್ಸಿಂಗ್ ಅಸಿಸ್ಟೆಂಟ್ ಕೆಲಸ. ಮಂಜಿನಲ್ಲಿ ಮರಗಟ್ಟಿದ ತೋಳಿನಲ್ಲಿ ಟಾರ್ಚ್ ಬೆಳಕಿಗೆ ನರ ಹುಡುಕಿ ಡ್ರಿಪ್ ಏರಿಸಿದ ಕೈ ಅದು. ಊರಲ್ಲಿ ಯಾರಿಗೆ ಏನಾದರೂ ಮೊದಲು ಕೂಗುವುದು ಅವನನ್ನೇ. 36ಕ್ಕೆ ಪಿಂಚಣಿ ತೆಗೆದುಕೊಂಡು ಮನೆಗೆ ಬಂದಿದ್ದ.

ಅರ್ಜಿ ಚೆನ್ನಾಗಿಯೇ ಸಾಗಿತು. ಮಾಜಿ ಸೈನಿಕರೇ? ಹೌದು. ರಾಜ್ಯದ ನೇರ ನೇಮಕಾತಿಯಲ್ಲಿ ಅವರಿಗೆ ನೂರಕ್ಕೆ 10 ಹುದ್ದೆ ಸಮತಲ ಮೀಸಲಾತಿ ಇದೆ. ಗರಿಷ್ಠ ವಯೋಮಿತಿಗೆ ಸೇವೆ ಮಾಡಿದಷ್ಟು ವರ್ಷ, ಅದರ ಮೇಲೆ 3 ವರ್ಷ ಸೇರುತ್ತದೆ. ಅಣ್ಣನಿಗೆ 20 ವರ್ಷದ ಸಡಿಲಿಕೆ! ಇಬ್ಬರೂ ಚಹಾ ತರಿಸಿಕೊಂಡೆವು. ಮುಂದಿನ ಖಾನೆಗೆ ಹೋದಾಗ ಚಹಾ ಇನ್ನೂ ಬಿಸಿ ಇತ್ತು. 'ನರ್ಸಿಂಗ್ ಪರಿಷತ್ತಿನ ನೋಂದಣಿ ಸಂಖ್ಯೆ.' ಪಕ್ಕದಲ್ಲಿ ಕೆಂಪು ಚುಕ್ಕಿ. ತುಂಬದಿದ್ದರೆ ಪುಟ ಮುಂದೆ ಹೋಗುವುದಿಲ್ಲ.

ಅಣ್ಣ ಟ್ರಂಕು ತೆರೆದ. ಡಿಸ್ಚಾರ್ಜ್ ಬುಕ್ಕು, ಕೋರ್ಸ್ ಪಾಸಾದ ಚೀಟಿಗಳು, ಪದಕಗಳ ಪತ್ರ, ಮಾಜಿ ಸೈನಿಕನ ಗುರುತಿನ ಚೀಟಿ, ಒಂದೊಂದಾಗಿ ಮೇಜಿನ ಮೇಲೆ ಬಂದವು. 'ಪದವಿಗೆ ಸಮಾನ' ಎಂಬ ಪತ್ರವೂ ಇತ್ತು. ಆ ಒಂದು ಸಂಖ್ಯೆ ಮಾತ್ರ ಎಲ್ಲೂ ಇರಲಿಲ್ಲ.

ಆ ಸಮಾನ ಪದವಿಯ ಪತ್ರ ಅನೇಕ ಮಾಜಿ ಸೈನಿಕರ ದಾರಿ ತಪ್ಪಿಸುತ್ತದೆ, ಅವತ್ತು ನನ್ನದನ್ನೂ ತಪ್ಪಿಸಿತು. ಮೆಟ್ರಿಕ್ ಪಾಸಾಗಿ 15 ವರ್ಷ ಸೇನೆಯಲ್ಲಿ ದುಡಿದವರನ್ನು ಕೇಂದ್ರದ 'ಸಿ' ಗುಂಪಿನ ಕೆಲವು ಹುದ್ದೆಗಳಿಗೆ ಪದವೀಧರರಂತೆ ಪರಿಗಣಿಸಬೇಕೆಂದು ಕೇಂದ್ರ ಸರ್ಕಾರ 1986ರಲ್ಲಿ ಹೇಳಿತು. ಆದರೆ ತಾಂತ್ರಿಕ, ವೃತ್ತಿಪರ ಅರ್ಹತೆ ಬೇಡುವ ಹುದ್ದೆಗೆ ಅದು ನಡೆಯುವುದಿಲ್ಲ. ಗುಮಾಸ್ತನ ಕುರ್ಚಿಗೆ ಸಾಕಾಗುವ ಪತ್ರ ವಾರ್ಡಿನ ಬಾಗಿಲಲ್ಲಿ ನಿಂತುಬಿಡುತ್ತದೆ. ಶುಶ್ರೂಷಾಧಿಕಾರಿಯಾಗಲು ಜಿಎನ್‌ಎಂ ಡಿಪ್ಲೊಮಾ ಇಲ್ಲವೇ ಬಿ.ಎಸ್‌ಸಿ. ನರ್ಸಿಂಗ್ ಬೇಕು, ಅದರ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಬೇಕು. ಮೀಸಲಾತಿ ವಯಸ್ಸನ್ನು ಸಡಿಲಿಸುತ್ತದೆ, ಪೈಪೋಟಿಯನ್ನು ತಗ್ಗಿಸುತ್ತದೆ, ಅರ್ಹತೆಯನ್ನು ಮುಟ್ಟುವುದಿಲ್ಲ. ಅರ್ಹ ಮಾಜಿ ಸೈನಿಕ ಸಿಗದಿದ್ದರೆ ಆ ಹುದ್ದೆ ಅದೇ ವರ್ಗದ ಬೇರೆಯವರಿಗೆ ಹೋಗುತ್ತದೆ.

"ಹಂಗಾರ ಈಗ ಕೋರ್ಸ್ ಮಾಡ್ತೀನಿ ತಗೋ" ಅಂದ ಅಣ್ಣ. ಪಿಯುಸಿ ಅಂಕಪಟ್ಟಿ ಇದೆ, ಪಿಂಚಣಿ ಬರುತ್ತದೆ, ಬಾಗಲಕೋಟೆಯಲ್ಲೇ ನರ್ಸಿಂಗ್ ಕಾಲೇಜುಗಳಿವೆ. ನಿಯಮ ತೆಗೆದು ನೋಡಿದೆ. ಜಿಎನ್‌ಎಂಗೂ ಬಿ.ಎಸ್‌ಸಿ.ಗೂ ಪ್ರವೇಶದ ಗರಿಷ್ಠ ವಯಸ್ಸು 35.

ನೌಕರಿಗೆ 20 ವರ್ಷ ಸಡಿಲ, ಆ ನೌಕರಿ ಕೊಡಿಸುವ ಓದಿಗೆ ಒಂದು ವರ್ಷವೂ ಇಲ್ಲ. ಎರಡು ನಿಯಮಗಳನ್ನೂ ಮಾಡಿದವರು ಒಂದೇ ಮೇಜಿನ ಎದುರು ಬದುರು ಎಂದೂ ಕೂತಿರಲಿಕ್ಕಿಲ್ಲ.

ನಾನು ಎಡವಿದ್ದು ಇದಾದ ಮೇಲೆ. ಅಂಗಡಿಗೆ ಆಗಾಗ ಬರುತ್ತಿದ್ದ ಒಬ್ಬ ಏಜೆಂಟನಿಗೆ ಅಣ್ಣನ ವಿಷಯ ಬಾಯಿಬಿಟ್ಟೆ. ಮರುದಿನವೇ ಅವನ ಫೋನು. ಬೇರೆ ರಾಜ್ಯದ ಕಾಲೇಜು, ಹಾಜರಾತಿ ಬೇಡ, ಪರೀಕ್ಷೆಗೆ ಮಾತ್ರ ಬಂದರೆ ಸಾಕು, "ವಯಸ್ಸಿಂದು ನಾವ್ ನೋಡ್ಕೋತೀವಿ." ಅಣ್ಣ ನಿವೃತ್ತಿಯ ದುಡ್ಡಿನಲ್ಲಿ ಮುಂಗಡ ಕೊಡಲು ತಯಾರಾಗಿದ್ದ. ತಡೆದವರು ಅತ್ತಿಗೆ. "ರೋಗಿ ಮುಟ್ಟದ ಕಲಿಸೋ ದವಾಖಾನಿ ವಿದ್ಯೆ ಎಂಥಾದ್ರೀ?" ಎಂದು ಕೇಳಿದರು. ಇಬ್ಬರಿಗೂ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಕಾಲೇಜಿನ ಹೆಸರು ಹಿಡಿದು ಯಾರೇ ಬಂದರೂ ಅರ್ಜಿಗೆ ಮುಂಚೆ ಕೇಳುವುದು ಎರಡೇ. ಆ ರಾಜ್ಯದ ನರ್ಸಿಂಗ್ ಪರಿಷತ್ತು ಇದನ್ನು ಮಾನ್ಯ ಮಾಡಿದೆಯೇ? ಡಿಗ್ರಿಯಾದರೆ ಯಾವ ವಿಶ್ವವಿದ್ಯಾಲಯದ ಸಂಯೋಜನೆ? ಕರ್ನಾಟಕದಲ್ಲಿ ಅದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅನ್ನುವುದು ಇಲ್ಲಿಯ ಹುಡುಗಿಯರಿಗೆಲ್ಲ ಬಾಯಿಪಾಠ.

ಮಾನ್ಯತೆಯ ಜಗಳ ನಮ್ಮ ರಾಜ್ಯದಲ್ಲೇ ದೊಡ್ಡದಾಗಿ ನಡೆದಿದೆ. ನರ್ಸಿಂಗ್ ಕಾಲೇಜುಗಳಿಗೆ ಮಾನ್ಯತೆ ಕೊಡುವುದು ರಾಜ್ಯ ಪರಿಷತ್ತು ಮತ್ತು ವಿಶ್ವವಿದ್ಯಾಲಯದ ಕೆಲಸ, 1947ರ ಕಾಯ್ದೆಯಡಿಯ ಭಾರತೀಯ ನರ್ಸಿಂಗ್ ಪರಿಷತ್ತಿನದಲ್ಲ ಎಂದು 2017ರ ಜುಲೈನಲ್ಲಿ ಹೈಕೋರ್ಟ್ ಹೇಳಿತು. ಕಾಲೇಜುಗಳು ನಿರಾಳವಾದವು. ಆದರೆ ಕೇಂದ್ರದ ಪಟ್ಟಿಯಲ್ಲಿ ಕರ್ನಾಟಕದ ಕಾಲೇಜುಗಳ ಹೆಸರು ಕಾಣದಾದಾಗ, ಹೊರರಾಜ್ಯದಲ್ಲಿ ಕೆಲಸ ಹುಡುಕುತ್ತಿದ್ದ ಮಕ್ಕಳು ಗಾಬರಿಯಾದರು. 2023ರಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ತಂದಿತು.

ಬಾದಾಮಿ ಕಡೆಯ ಸೈನಿಕರೊಬ್ಬರ ಮನೆಯವರದು ಇನ್ನೊಂದು ಬಗೆ. ಗಂಡನ ಪೋಸ್ಟಿಂಗ್ ಇದ್ದ ರಾಜ್ಯದಲ್ಲೇ ಜಿಎನ್‌ಎಂ ಓದಿ, ಅಲ್ಲಿಯೇ ನೋಂದಣಿ ಮಾಡಿಸಿದ್ದರು. ಓದು ಅಸಲಿ, ನೋಂದಣಿ ಅಸಲಿ. ಇಲ್ಲಿ ಕೆಲಸಕ್ಕೆ ನಿಲ್ಲಬೇಕಾದರೆ ಆ ಪರಿಷತ್ತು ನಮ್ಮ ಪರಿಷತ್ತಿಗೆ ದೃಢೀಕರಣ ಕಳಿಸಬೇಕು, ಆಮೇಲೆ ಇಲ್ಲಿ ಹೊಸ ನೋಂದಣಿ ಆಗಬೇಕು. ಕಾಗದ ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿಹೋಗಿತ್ತು. ಊರಿಗೆ ಮರಳುವ ಆರು ತಿಂಗಳ ಮುಂಚೆ ಶುರುಮಾಡಬೇಕಾದ ಕೆಲಸ ಅದು. ಕಲ್ಯಾಣ ಕರ್ನಾಟಕದ 371(ಜೆ) ಬಗ್ಗೆಯೂ ಅವರು ಕೇಳಿದರು. ಇಳಕಲ್ಲಿನಿಂದ ಹೊರಟ ಬಸ್ಸು ಕುಷ್ಟಗಿ ಮುಟ್ಟಿದರೆ ಆ ಸ್ಥಳೀಯ ಮೀಸಲಾತಿ ಸಿಗುತ್ತದೆ, ಬಾಗಲಕೋಟೆ ಜಿಲ್ಲೆಗೆ ಇಲ್ಲ.

ಅಣ್ಣನ ಟ್ರಂಕಿಗೆ ಬೆಲೆ ಬಂದದ್ದು ಬೇರೆ ಕಡೆ. 2003ರಲ್ಲಿ ಶುರುವಾದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ, ನಮ್ಮವರ ಬಾಯಲ್ಲಿ ಇಸಿಎಚ್‌ಎಸ್, ತನ್ನ ಪಾಲಿಕ್ಲಿನಿಕ್‌ಗಳಿಗೆ ಗುತ್ತಿಗೆ ಮೇಲೆ ನರ್ಸಿಂಗ್ ಅಸಿಸ್ಟೆಂಟರನ್ನು ತೆಗೆದುಕೊಳ್ಳುತ್ತದೆ. ಅಲ್ಲಿ ಜಿಎನ್‌ಎಂ ಇದ್ದರೂ ಸರಿ, ಸೇನೆಯ ಕ್ಲಾಸ್ ಒನ್ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್ ಇದ್ದರೂ ಸರಿ. ಅಣ್ಣನ ಕ್ಲಾಸ್ ಒನ್ ಚೀಟಿ ಟ್ರಂಕಿನ ತಳದಲ್ಲಿ, ಹಳೆಯ ಸ್ವೆಟರಿನ ಮಡಿಕೆಯಲ್ಲಿತ್ತು. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಮೊದಲೇ ಹೋಗಿದ್ದರೆ ಇದು ಮೊದಲ ದಿನವೇ ತಿಳಿಯುತ್ತಿತ್ತು. ಈಗ ಅವನು ಅಂಥ ಒಂದು ಪಾಲಿಕ್ಲಿನಿಕ್‌ನಲ್ಲಿ ಮುದುಕ ಸುಬೇದಾರರ ಬಿಪಿ ನೋಡುತ್ತಾನೆ. ಕಾಯಂ ಅಲ್ಲ, ಗುತ್ತಿಗೆ.

ಕಳೆದ ಬನಶಂಕರಿ ಜಾತ್ರೆಗೆ ರಜೆ ಮೇಲೆ ಬಂದ ಬಾದಾಮಿ ತಾಲ್ಲೂಕಿನ ಹುಡುಗನೊಬ್ಬ ಅಂಗಡಿಗೆ ಬಂದಿದ್ದ. ಅದೇ ದಳ, ಅದೇ ಕೆಲಸ, ವಯಸ್ಸು 31. ಅವನಿಗೆ ಅರ್ಜಿ ತುಂಬಿಕೊಡಲಿಲ್ಲ, ಚೀಟಿಯ ಹಿಂಬದಿಗೆ ಲೆಕ್ಕ ಬರೆದುಕೊಟ್ಟೆ. ಅವನೂ 19ಕ್ಕೆ ಸೇರಿದವನು. ಪಿಂಚಣಿಗೆ ಬೇಕಾದ 15 ವರ್ಷ ತುಂಬುವುದು 34ಕ್ಕೆ. ನರ್ಸಿಂಗ್ ಕಾಲೇಜಿನ ಬಾಗಿಲು ಮುಚ್ಚುವುದು 35ಕ್ಕೆ. ನಡುವೆ ಇರುವುದು ಒಂದೇ ವರ್ಷ.