ಹೆಸರು, ವಯಸ್ಸು ಕೇಳಿ ಬರೆದುಕೊಳ್ಳೋಣ



ನಮ್ಮ ಆಲೂರು, ಸಕಲೇಶಪುರ ಕಡೆಯ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ನಾವು ಕೆಲವರು ಅಡಿಗೆ, ರೂಮಿನ ಕೆಲಸ ಮಾಡುತ್ತೇವೆ. ಬುಕ್ ಮಾಡಿದವರೊಬ್ಬರ ಹೆಸರು ಬರೆದುಕೊಂಡರೆ ಸಾಲದೇ? ಸಾಲದು. 2018ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಶಿರಾಡಿ ಘಾಟಿ ರಸ್ತೆ ಬಂದ್ ಆಗಿದ್ದು ನೆನಪಿದೆಯಲ್ಲ? ಅಂಥ ರಾತ್ರಿ ಒಳಗೆ ಎಷ್ಟು ಜನ, ಮಕ್ಕಳೆಷ್ಟು, ವಯಸ್ಸಾದವರೆಷ್ಟು ಅಂತ ಯಾರಾದರೂ ಕೇಳಿದರೆ ರಿಜಿಸ್ಟರ್ ನೋಡಿಯೇ ಹೇಳಬೇಕು. ಕೂಸಿನ ಹೆಸರೂ ಬರೆಯಿರಿ.

18 ತುಂಬದ ಮಗುವಿನ ಜೊತೆ ಬಂದವರು ಯಾರು, ಏನಾಗಬೇಕು ಎಂದು ಕೇಳಲು ಸಂಕೋಚ ಬೇಡ. ಉತ್ತರ ಸರಿಯೆನಿಸದಿದ್ದರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವರದಿ ಕಳಿಸುವುದು ಮಾಲೀಕರ ಹೊಣೆ.

ಆದರೆ ರಿಜಿಸ್ಟರನ್ನು ಮೇಜಿನ ಮೇಲೆ ತೆರೆದಿಡಬೇಡಿ. ಹೆಣ್ಣುಮಕ್ಕಳ ಹೆಸರು, ಫೋನ್ ನಂಬರು ಅದರಲ್ಲಿರುತ್ತವೆ.